ಮೂರು ಸಾವಿರ ಕಿಲೋಮೀಟರ್

ಮನಸ್ಸಿಗೆ ಹಿಡಿಸಿದ ಹುಡುಗಿಗೆ ಎಲ್ಲರೂ ಮಲ್ಲಿಗೆ ತರುತ್ತಾರೆ, ಇಲ್ಲವೇ ಮಿಠಾಯಿ ತರುತ್ತಾರೆ. ಹುಲಗೇಶ ಒಂದು ಸಣ್ಣ ಬಾಟಲಿಯಲ್ಲಿ ಡೀಸೆಲ್ ತರುತ್ತಿದ್ದ.

ಅದಕ್ಕೆ ಕಾರಣ ಗುರುದೇವಿಯೇ. ಹೈದರಾಬಾದಿನ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳ ಅಪ್ಪ ಅಮರೇಶಪ್ಪನದು ಗಾಡಿಗಳ ಆಯಿಲ್ ಬದಲಿಸುವ ಅಂಗಡಿ. ಮಾನ್ವಿಯಿಂದ ಬಂದ ಸಂಸಾರ. ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಎದ್ದು, ಕಾಲ್ ಸೆಂಟರಿನ ಹುಡುಗ ಹುಡುಗಿಯರನ್ನು ಕರೆದೊಯ್ಯುವ ವ್ಯಾನುಗಳು ಊರು ತುಂಬಿದ ಮೇಲೆ ಅಪ್ಪನಿಗೆ ಕೈಗೆ ಬಿಡುವಿಲ್ಲ. ಕೆಲವು ಗಾಡಿಗಳ ಆಯಿಲ್ ಇಳಿಸಿ, ಮುಂದಿನ ಆಯಿಲ್ ಎಷ್ಟು ಕಿಲೋಮೀಟರಿಗೆ ಎಂದು ಚೀಟಿ ಬರೆದು ಸ್ಟಿಯರಿಂಗ್ ಕೆಳಗೆ ಕಟ್ಟುವ ಕೆಲಸ ಮಗಳದಾಯಿತು.

ಹುಲಗೇಶ ಮೊದಲ ಸಲ ಬಂದಾಗ ಅವನಿಗಿಂತ ಮೊದಲು ಅವನ ವ್ಯಾನಿನ ಹೊಗೆ ಅಂಗಡಿಯೊಳಗೆ ಬಂತು.

"ಏನ್ ಹಾಕಸ್ತೀರಿ ಇದಕ್ಕ? ಸೀಮೆಎಣ್ಣಿ ವಾಸನಿ ಹೊಡಿಯಾಕತ್ತೈತಿ," ಎಂದಳು ಗುರುದೇವಿ.

"ಮಾಲಕ್ರು ಹೇಳಿದ ಬಂಕಿನ್ಯಾಗ ಹಾಕಸ್ತೀನ್ರಿ."

"ಬಂಕ್ ಬದಲಿ ಮಾಡ್ರಿ. ಕಲಬೆರಕಿ ಡೀಸೆಲ್ ಇದ್ರ ಐದು ಸಾವಿರ ಕಿಲೋಮೀಟರ್ ತನಕ ಆಯಿಲ್ ತಡಿಯೂದಿಲ್ಲ. ಮೂರು ಸಾವಿರಕ್ಕ ಬರ್ರಿ. ಬರೂಮುಂದ ಒಂದೀಟು ಡೀಸೆಲ್ ತರ್ರಿ, ನೋಡೂಣು."

ಅವನು ನಕ್ಕ. ಗಂಗಾವತಿ ಕಡೆಯವನು. ನಗು ತುಟಿಗಿಂತ ಮೊದಲು ಕಣ್ಣಿಗೆ ಬರುತ್ತಿತ್ತು. ಗುರುದೇವಿ ಅದನ್ನು ನೋಡಬಾರದಿತ್ತು, ನೋಡಿಬಿಟ್ಟಳು.

ಎರಡನೇ ಸಲ ಬಾಟಲಿ ಬಂತು. ಮೂಸಿ ನೋಡಿದಳು. ಅಪ್ಪಟ ಡೀಸೆಲ್. ಇಷ್ಟು ಚೊಕ್ಕ ಇದ್ದರೆ ಐದು ಸಾವಿರಕ್ಕೆ ಬಂದರೆ ಸಾಕು. ಐದು ಸಾವಿರ ಎಂದರೆ ಎಷ್ಟು ದಿನ, ದೇವರೇ!

"ಹೆಂಗೈತ್ರಿ?" ಎಂದ ಹುಲಗೇಶ.

"ಅಷ್ಟಕ್ಕಷ್ಟ. ಮೂರಕ್ಕೇ ಬರ್ರಿ."

ಅವನೂ ಒಮ್ಮೆ ಮೂಸಿ, "ಹೌದಲ್ರಿ, ವಾಸನಿ ಐತಿ," ಎಂದು ಭಾರೀ ಗಂಭೀರವಾಗಿ ತಲೆಯಾಡಿಸಿದ.

ಹೀಗೇ ಒಂದು ವರ್ಷ. ಒಮ್ಮೊಮ್ಮೆ ಅವಳು ಎಣಿಸಿದ್ದಕ್ಕಿಂತ ಮೊದಲೇ ಬರುತ್ತಿದ್ದ.

"ಡ್ರೈವರ್ ಸಾಹೇಬ್ರು ಈ ಸಲ ಭಾಳ ಲಗೂನ ಬಂದ್ರಿ?"

"ಸುತ್ತು ದಾರಿ ಹಿಡದಿದ್ದೆರಿ. ಕಿಲೋಮೀಟರ್ ಲಗೂ ತುಂಬ್ತಾವು," ಎಂದು ಚಹಾದ ಲೋಟದ ಮೇಲಿಂದ ಅವಳನ್ನು ನೋಡುತ್ತಿದ್ದ. ಗುರುದೇವಿಗೆ ಆಗ ನಟ್ಟು ಬಿಚ್ಚುವ ಪಾನಾ ಎಲ್ಲಿಟ್ಟೆನೆಂಬುದೇ ಮರೆತುಹೋಗುತ್ತಿತ್ತು.

ಒಂದು ದಿನ ಅವನ ವ್ಯಾನಿನ ಆಯಿಲ್ ಅನ್ನು ಅಪ್ಪನೇ ಇಳಿಸಿದ. ಎರಡು ಬೆರಳ ನಡುವೆ ತಿಕ್ಕಿ ನೋಡಿದ.

"ಇದರಾಗ ಇನ್ನೂ ಜೀವ ಐತಲ್ಲ! ಮೂರಕ್ಕ ತಗೀರಿ ಅಂದವರು ಯಾರು?"

ಗುರುದೇವಿ ಚೀಟಿಯ ಕಟ್ಟು ಕೈಗೆತ್ತಿಕೊಂಡಳು. ಅಪ್ಪ ಅವಳ ಪಕ್ಕದಲ್ಲೇ ಬಂದು ನಿಂತ. ಅವಳು ಚೀಟಿಯಲ್ಲಿ ಐದು ಸಾವಿರ ಎಂದು ಬರೆದಳು.

ಹುಲಗೇಶ ಚೀಟಿಯನ್ನು ನೋಡಿದ. "ಐದರೀ?"

"ಐದು," ಎಂದಳು ತಲೆಯೆತ್ತದೆ. ಅವನು ಚಹಾ ಕುಡಿಯದೆ ಹೊರಟುಹೋದ.

ಅಂದು ಸಂಜೆ ಅಪ್ಪ ಬೈಯಲಿಲ್ಲ. ಕೈ ಒರೆಸಿಕೊಳ್ಳುತ್ತ, "ಹುಡುಗ ಚೊಲೋ ಅದಾನ. ಮುಂದಿನ ಸಲ ಬಂದಾಗ ನಾನೇ ಮಾತಾಡ್ತೀನಿ," ಎಂದ. ಗುರುದೇವಿ ಒಳಗೆ ಹೋಗಿ ಸಂತೋಷಕ್ಕೆ ಅತ್ತಳು. ಆಗಿನ್ನೂ ಅವನಂಥ ಡ್ರೈವರುಗಳ ಕೈಗೆ ಫೋನ್ ಬಂದಿರಲಿಲ್ಲ, ಇಷ್ಟು ದೊಡ್ಡ ಊರಿನಲ್ಲಿ ಎಲ್ಲಿರುತ್ತಾನೋ ತಿಳಿಯದು. ತಾನೇ ಬರೆದ ಐದು ಸಾವಿರ ಮುಗಿಯುವುದನ್ನು ಕಾಯುತ್ತ ಕೂತಳು.

ವ್ಯಾನು ಕೊನೆಗೂ ಗಲ್ಲಿಗೆ ತಿರುಗಿತು. ಅಪ್ಪ ಅಂಗಿಯ ಗುಂಡಿ ಹಾಕಿಕೊಂಡು, ಎದುರಿನ ಹೋಟೆಲಿಗೆ ಮೂರು ಚಹಾ ಹೇಳಿದ. ಬಾಟಲಿ ಹಿಡಿದು ಇಳಿದ ಹುಲಗೇಶನ ಬಲಗೈಯಲ್ಲಿ ಅರಿಸಿನದ ಕಂಕಣವಿತ್ತು.

ಗುರುದೇವಿ ಅದನ್ನೇ ನೋಡಿದಳು. ಅವನು ಕೈ ಹಿಂದೆ ಮಾಡಿಕೊಳ್ಳಲು ಹೋಗಿ, ಹಾಗೇ ಬಿಟ್ಟ.

"ಅವ್ವ ಭಾಳ ದಿವಸದಿಂದ ಗಂಟುಬಿದ್ದಿದ್ಳು. ನೀವು ಐದು ಬರದ್ರಿ. ಲಗೂ ಬರಬ್ಯಾಡ ಅಂದಂಗ ಅನಿಸ್ತು. ಊರಿಗಿ ಹೋಗಿ ಲಗ್ನಕ್ಕ ಹೂಂ ಅಂದೆ. ಮೊನ್ನೆ ಆಗಿಹೋತು."

"ಅಪ್ಪ ಬಾಜೂಕ ನಿಂತಿದ್ದ. ಅದಕ್ಕ ಬರದೆ."

ಅವಳು ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಮೂಸಿದಳು. ಕಣ್ಣೀರು ತಡೆಯಲಾಗಲಿಲ್ಲ.

"ಚೊಲೋ ಐತಿ. ಎರಡನೇ ಸಲದಿಂದನೂ ಚೊಲೋನ ಇತ್ತು."

"ಗೊತ್ತಿತ್ರಿ. ನೀವು ಹೇಳಿದ ಮರುದಿನಾನ ಬಂಕ್ ಬದಲಿ ಮಾಡಿದ್ದೆ."

ಚಹಾ ಬಂತು. ಲೋಟ ಎತ್ತಿದ ಅಪ್ಪನ ಕಣ್ಣು ಕಂಕಣದ ಮೇಲೆ ಬಿತ್ತು. ಲೋಟವನ್ನು ಹಾಗೇ ಕೆಳಗಿಟ್ಟು ಅಂಗಡಿಯ ಒಳಗೆ ಹೋದ.

ಆಯಿಲ್ ಬದಲಾಯಿತು. ಗುರುದೇವಿ ಚೀಟಿ ತೆಗೆದಳು.

"ಮೂರಕ್ಕ ಬರೀರಿ," ಎಂದ ಹುಲಗೇಶ.

"ಬರದ್ರ ನೀವು ಬಂದಬಿಡ್ತೀರಿ."

ಅವಳು ಐದು ಸಾವಿರ ಎಂದು ಬರೆದು, ಸ್ಟಿಯರಿಂಗ್ ಕೆಳಗೆ ಕಟ್ಟಿದಳು. ಈ ಸಲ ಅವಳ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ.