ಹಾಲವ್ವನ ಹೆಸರಿನ ಕಾರಖಾನೆ

ನವೆಂಬರ್ ಹತ್ತನೆಯ ತಾರೀಖು, ಸೋಮವಾರ. ಬನಹಟ್ಟಿ ಠಾಣೆಗೆ ಬೆಳಿಗ್ಗೆ ಬಂದ ಫಿರ್ಯಾದಿಯನ್ನು ಇನ್ಸ್‌ಪೆಕ್ಟರ್ ದುರಗೇಶ ಎರಡು ಸಲ ಕೇಳಿಸಿಕೊಂಡ. ಮೊದಲ ಸಲ ಪೂರ್ತಿ ಅರ್ಥವಾಗಲಿಲ್ಲ. ಎರಡನೆಯ ಸಲ, ಮೊದಲು ಅರ್ಥವಾದಂತೆ ಅನಿಸಿದ್ದೂ ಕೈಬಿಟ್ಟು ಹೋಯಿತು.

ಎದುರಿಗೆ ಕುಳಿತವಳು ಹಾಲವ್ವ. ಅರವತ್ತರ ಹತ್ತಿರದ ಹೆಂಗಸು. ಮಂದಿಯ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ಹೊಟ್ಟೆ ಹೊರೆಯುವವಳು.

"ನನ್ನ ರೇಶನ್ ಕಾರ್ಡ್ ಕಸಗೊಂಡಾರ್ರಿ ಸಾಹೇಬ್ರ."

"ಯಾರು?"

"ಸರಕಾರದಾವ್ರ."

"ಯಾಕ?"

"ನಾ ಕಾರಖಾನಿ ಸಾವಕಾರ್ತಿ ಅಂತ್ರಿ. ಮಹಾರಾಷ್ಟ್ರದಾಗ ನಂದು ಕಾರಖಾನಿ ಐತಂತ. ಕೈಕೆಳಗ ಆಳಮಕ್ಕಳು ಅದಾರಂತ. ಅವರ ಪಗಾರದಾಗ ತೆರಿಗಿ ಹಿಡದು ತಿಂಗಳಾ ತಿಂಗಳಾ ಕಟ್ತೀನಂತ."

"ಕಟ್ತೀರೇನು?"

ಹಾಲವ್ವ ಅವನ ಮುಖವನ್ನೇ ನೋಡಿದಳು. "ನನ್ನ ನೋಡಿದ್ರ ತೆರಿಗಿ ಕಟ್ಟಾಕಿ ಹಂಗ ಕಾಣ್ತೇನೇನ್ರಿ?"

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಯಮನಪ್ಪ ಕಿಸಕ್ಕನೆ ನಕ್ಕ. ಆದರೆ ಹಾಲವ್ವ ಮುಂದಿನ ಮಾತು ಹೇಳಿದ ಮೇಲೆ ಅವನ ನಗು ಅಲ್ಲೇ ನಿಂತಿತು. ಅವಳ ಗಂಡ ಬಸಗೊಂಡಪ್ಪನಿಗೆ ಹೃದಯದ ಕವಾಟ ಕೆಟ್ಟಿತ್ತು. ಡಿಸೆಂಬರ್ ಮೊದಲ ವಾರ ಬಾಗಲಕೋಟೆಯಲ್ಲಿ ಆಪರೇಷನ್ ಗೊತ್ತಾಗಿತ್ತು. ಬಡವರ ರೇಶನ್ ಕಾರ್ಡು ಇದ್ದರೆ ಅದು ಪುಕ್ಕಟೆ. ಕಾರ್ಡು ಇಲ್ಲದಿದ್ದರೆ ಆ ಮನೆಯ ಮಾಡು ಮಾರಿದರೂ ಆಗುವ ಮಾತಲ್ಲ. ಆಹಾರ ಇಲಾಖೆಯವರು ಒಂದೇ ಮಾತು ಹೇಳಿ ಕಳಿಸಿದ್ದರು: ನಿನ್ನ ಹೆಸರನ್ನು ಬೇರೆ ಯಾರೋ ಬಳಸಿದ್ದರೆ ಅವರನ್ನು ಪೊಲೀಸರು ಹಿಡಿಯಲಿ, ವರದಿ ಕೊಡಲಿ, ಆಮೇಲೆ ನೋಡೋಣ.

ದುರಗೇಶ ಎಫ್‌ಐಆರ್ ದಾಖಲಿಸಿದ. ವ್ಯಕ್ತಿವೇಷದ ಮೋಸ, ಗುರುತಿನ ಕಳವು, ಕಲಮುಗಳೇನೋ ಸಿಕ್ಕವು. ತಲೆಗೆ ಹತ್ತದೆ ಉಳಿದದ್ದು ಅಪರಾಧ. ಕೊಲೆಯಾದರೆ ಹೆಣ ಇರುತ್ತದೆ, ಕಳುವಾದರೆ ಕಳೆದ ಒಡವೆ ಇರುತ್ತದೆ. ತೆರಿಗೆ ತಪ್ಪಿಸಿದವರನ್ನು ಅವನು ಬೇಕಾದಷ್ಟು ಕಂಡಿದ್ದ. ಇನ್ನೊಬ್ಬರ ಹೆಸರಲ್ಲಿ ಕುಳಿತು ತೆರಿಗೆ ಕಟ್ಟುವ ಕಳ್ಳನನ್ನು ಮಾತ್ರ ಅವನ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಆ ಕಾರಖಾನೆಯ ನೋಂದಣಿ ಕಾಗದಗಳೆಲ್ಲ ಮರಾಠಿಯಲ್ಲಿದ್ದವು. ಅವನ್ನು ಓದಿದವಳು ಕಾನ್‌ಸ್ಟೆಬಲ್ ಪ್ರತಿಮಾ. ಸಾವಳಗಿಯ ಹುಡುಗಿ, ತಾಯಿಯ ತವರು ಗಡಿಯಾಚೆಯ ಜತ್ತ.

"ಸರ್, ಒಂದು ರಾಜ್ಯದಾಗ ಹೊಸದಾಗಿ ಆಳು ಇಟ್ಟು ಪಗಾರ ಕೊಡಾಕ ಸುರು ಮಾಡಿದ್ರ, ಆ ರಾಜ್ಯದಾಗ ಮಾಲಕ ಅಂತ ಹೆಸರು ನೋಂದಾಯಿಸಬೇಕು. ಪಗಾರದಾಗ ವೃತ್ತಿ ತೆರಿಗಿ ಹಿಡದು ಅಲ್ಲಿಯ ಸರಕಾರಕ್ಕ ತುಂಬಬೇಕು. ಇಲ್ಲಿ ಮಾಲಕಿ ಹಾಲವ್ವ. ಜಾಗಾ ಜತ್ತ."

"ನಮ್ಮಲ್ಲೂ ವೃತ್ತಿ ತೆರಿಗಿ ಐತಲ್ಲ?"

"ಐತ್ರಿ. ಆದ್ರ ಅದು ಬ್ಯಾರೆ, ಇದು ಬ್ಯಾರೆ."

"ಹಂಗಾರ ಅಲ್ಲಿ ತುಂಬಿದ್ದು ಇಲ್ಲಿ ಕಾರ್ಡಿಗೆ ಹೆಂಗ ತಾಗ್ತು?"

"ಆಧಾರ್ ಮ್ಯಾಲೆ ಪ್ಯಾನ್ ತಗದಾರ್ರಿ. ಪ್ಯಾನ್ ಮ್ಯಾಲೆ ಮಾಲಕಿ ಅಂತ ನೋಂದಣಿ. ಕಾರಖಾನಿ ನಡದಮ್ಯಾಲೆ ಇನ್‌ಕಮ್ ಟ್ಯಾಕ್ಸಿನ ಲೆಕ್ಕಾನೂ ಕೊಟ್ಟಾರ. ಇನ್‌ಕಮ್ ಟ್ಯಾಕ್ಸ್ ದಿಲ್ಲೀದು, ಎರಡೂ ಕಡೆ ಕಾಣ್ತೈತಿ. ಅದನ್ನ ನೋಡಿ ಇಲ್ಲಿಯವರು ಕಾರ್ಡ್ ತಗದಾರ."

ದುರಗೇಶ ಗಡಿಯಾಚೆಯ ತೆರಿಗೆ ಕಚೇರಿಗೆ ಫೋನು ಮಾಡಿದ. ನಿಮ್ಮ ಕಡೆ ಕೇಳಿ ಎಂದರು. ಈಚೆಯ ಕಚೇರಿಗೆ ಮಾಡಿದ, ಅವರ ಕಡೆ ಕೇಳಿ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಯಿತು. ಕಡೆಗೆ ಒಂದು ಎಳೆ ಸಿಕ್ಕಿತು. ನೋಂದಣಿಯ ಸಮಯದಲ್ಲಿ ಓಟಿಪಿ ಬಂದ ಮೊಬೈಲ್ ನಂಬರು, ಹಾಲವ್ವನ ಆಧಾರಿಗೆ ಜೋಡಿಸಿದ ಹಳೆಯ ನಂಬರು. ಈಗ ಬಂದ್ ಆಗಿತ್ತು. ಸಿಮ್ಮು ಯಾರ ಹೆಸರಲ್ಲಿದೆ ಎಂದು ಕಂಪನಿಗೆ ಬರೆದ. ಹದಿನೇಳನೆಯ ತಾರೀಖು ಉತ್ತರ ಬಂತು. ಉತ್ತರ ಓದಿದವನು ಇದ್ದ ದಿಕ್ಕನ್ನೂ ಕಳೆದುಕೊಂಡ. ಸಿಮ್ಮು ಬಸಗೊಂಡಪ್ಪನ ಹೆಸರಲ್ಲಿತ್ತು.

"ಗಂಡನ ಮಾಡ್ಯಾನೇನ್ರಿ ಸರ್?" ಯಮನಪ್ಪ ಬಾಯಿ ತೆರೆದ. "ತನ್ನ ಆಪರೇಷನ್ನಿಗೆ ತಾನ ಕಲ್ಲು ಹಾಕ್ಕೊಂಡ್ನ?"

ಅಂದೇ ಮಧ್ಯಾಹ್ನ ಇಬ್ಬರೂ ಹಾಲವ್ವನ ಮನೆಗೆ ಹೋದರು. ಒಂದು ಕಾಲಕ್ಕೆ ಮಗ್ಗಗಳಿದ್ದ ಪಡಸಾಲೆ ಈಗ ಖಾಲಿ. ಬಸಗೊಂಡಪ್ಪ ಗೋಡೆಗೆ ಒರಗಿ ಕುಳಿತಿದ್ದ, ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದ. ಹಾಲವ್ವ ಕೆಲಸಕ್ಕೆ ಹೋಗಿದ್ದಳು. ದುರಗೇಶ ನಂಬರು ಬರೆದ ಚೀಟಿ ಮುಂದಿಟ್ಟ.

"ಈ ಸಿಮ್ ನಿಮ್ದ?"

ಮುದುಕ ಚೀಟಿಯನ್ನು ಬಹಳ ಹೊತ್ತು ನೋಡಿದ. "ನಂದ್ರಿ."

"ಎಲ್ಲೈತಿ ಈಗ?"

"ಕಳದೈತ್ರಿ."

"ಯಾವಾಗ?"

"ನೆನಪಿಲ್ರಿ."

"ಯಾರ ಕೈಯಾಗರ ಕೊಟ್ಟಿದ್ರೇನು?"

"ಕಳದೈತಂತ ಹೇಳಿದ್ನೆಲ್ರಿ."

ದುರಗೇಶನಿಗೆ ಸಿಟ್ಟು ಬಂತು. ಸಾಯುವ ಮನುಷ್ಯನ ಮೇಲೆ ಹೇಗೆ ಕೂಗಾಡುವುದು? ಅವನು ಆಚೀಚೆ ನೋಡಿದ. ದೇವರ ಜಗಲಿಯ ಪಕ್ಕದಲ್ಲಿ ಮಡಿಚಿದ ಕಂಬಳಿ, ಅದರ ಮೇಲೆ ಮಗ್ಗದ ಒಂದು ಹಳೆಯ ಲಾಳಿ, ಲಾಳಿಗೆ ವಿಭೂತಿ.

"ಇದೇನ್ರಿ, ಲಾಳೀಗೆ ಹಾಸಿಗಿ?"

ಬಸಗೊಂಡಪ್ಪನ ಮುಖ ಮೊದಲ ಸಲ ಸಡಿಲವಾಯಿತು. "ಅಮಾಸಿಗೆ ಮಗ್ಗ ನಿಲ್ಲಸ್ತೀವಲ್ರಿ. ಎಲ್ಲಾರೂ ಮಗ್ಗಕ್ಕ ಕಾಯಿ ಒಡದು ಸುಮ್ಮನಾಗ್ತಾರ. ನಮ್ಮಪ್ಪ ಲಾಳಿ ತಗದು ಕಂಬಳಿ ಮ್ಯಾಲೆ ಮಲಗಸ್ತಿದ್ದ. ತಿಂಗಳಾನಗಟ್ಲೆ ಅತ್ತಿಂದಿತ್ತ ಓಡಿರ್ತಾವ, ಅವಕ್ಕೂ ಮೈಕೈ ನೋಯ್ತಾವ ಅಂತಿದ್ದ. ನಾನೂ ಹಂಗ ಮಾಡಿದ್ನಿ. ಊರ ಮಂದಿ ನಗತಾರ್ರಿ. ಮಗ್ಗ ಇದ್ದಾಗ ಅಮಾಸಿಗೊಮ್ಮೆ ಮಲಗತಿತ್ತು. ಈಗ ದಿನಾ ಮಲಗೇತಿ."

ಠಾಣೆಗೆ ಮರಳುವಾಗ ಯಮನಪ್ಪ, "ಮುದುಕ ಸುಳ್ಳು ಹೇಳಾಕತ್ತಾನ ಸರ್," ಎಂದ. ಅದು ದುರಗೇಶನಿಗೂ ಕಂಡಿತ್ತು. ಯಾಕೆ ಹೇಳುತ್ತಿದ್ದಾನೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಆಪರೇಷನ್ ದಿನ ಹತ್ತಿರ ಬರುತ್ತಿತ್ತು.

ಇಪ್ಪತ್ತನೆಯ ತಾರೀಖು, ಗುರುವಾರ, ಮೂವರೂ ಜತ್ತಕ್ಕೆ ಹೊರಟರು. ಸಾವಳಗಿ ದಾಟಿ ಗಡಿ ದಾಟಿದರೂ ದುರಗೇಶನಿಗೆ ರಾಜ್ಯ ಬದಲಾದದ್ದು ಅಂಗಡಿಗಳ ಬೋರ್ಡು ನೋಡಿದಾಗಲೇ ತಿಳಿದದ್ದು. ಚಹಾ ಕೊಟ್ಟವನೂ ಕನ್ನಡ, ದಾರಿ ಹೇಳಿದವನೂ ಕನ್ನಡ. ಜತ್ತದ ಠಾಣೆಯಲ್ಲಿ ಬಂದ ಕಾರಣ ದಾಖಲಿಸಿದರು. ಅಲ್ಲಿಯ ಒಬ್ಬ ಪೇದೆ ಜತೆಗೆ ಬಂದ. ನೋಂದಣಿಯಲ್ಲಿದ್ದ ವಿಳಾಸ ಒಬ್ಬ ತೆರಿಗೆ ಏಜೆಂಟನ ಕೋಣೆ.

"ಹಾಲವ್ವ ಅಂಬಾಕೀನ ನೋಡೀರೇನು?"

"ಇಲ್ರಿ. ಆಕಿ ಕಾಗದಾ ಎಲ್ಲಾ ವಾಟ್ಸಾಪಿನಾಗ ಬಂತು. ಅವರ ಮ್ಯಾನೇಜರ ಬರ್ತಿದ್ದ. ಭಾಳ ಪ್ರಾಮಾಣಿಕ ಮನುಷ್ಯಾರಿ. ಸಣ್ಣ ಕಾರಖಾನಿಯವರು ಈ ನೋಂದಣಿ ತಂಟೇಕ ಬರಂಗಿಲ್ಲ. ನಾನ ಅಂದ್ನಿ, ಇಷ್ಟ ಲಗೂ ಯಾಕ, ತಡೀರಿ ಅಂತ. ಅವ ಕೇಳಲಿಲ್ಲ. ಆಳಿನ ಪಗಾರದಾಗ ಹಿಡದದ್ದು ಒಂದ ದಿನಾನೂ ನಮ್ಮ ಮನ್ಯಾಗ ಇರಬಾರದು ಅಂದ."

ಏಜೆಂಟ್ ದಾರಿ ತೋರಿಸಿದ. ಊರ ಹೊರಗೆ ತಗಡಿನ ಶೆಡ್ಡು. ಮಗ್ಗದ ಸದ್ದಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಮಾಯವ್ವ ಎಂಬ ಕೆಲಸದವಳು ಎದ್ದು ನಿಂತಳು.

"ಯಾಕ ಬಂದ್ ಐತಿ?"

"ಇವತ್ತ ಅಮಾಸಿ ಅಲ್ರಿ. ಸುತ್ತಮುತ್ತ ಯಾರೂ ರಜಾ ಕೊಡಂಗಿಲ್ಲ. ನಮ್ಮ ಅಣ್ಣ ಕೊಡ್ತಾನ."

"ಅಣ್ಣ ಎಲ್ಲಿ?"

"ಟೆಂಗಿನಕಾಯಿ ತರಾಕ ಹೋಗ್ಯಾನ್ರಿ."

ಪ್ರತಿಮಾ ಬಾಗಿಲು ದೂಡಿದಳು. ಒಳಗೆ ಮಗ್ಗಗಳು ತೊಳೆದು ಒರೆಸಿಕೊಂಡು ನಿಂತಿದ್ದವು. ನೆಲದ ಮೇಲೆ ಕರಿ ಕಂಬಳಿ ಹಾಸಿತ್ತು. ಅದರ ಮೇಲೆ ಲಾಳಿಗಳನ್ನು ಒಂದರ ಪಕ್ಕ ಒಂದು ಮಲಗಿಸಿತ್ತು.

ದುರಗೇಶ ಬಗ್ಗಿ ಲಾಳಿಗಳನ್ನು ನೋಡಿದ. ಅಯ್ಯೋ, ಇದೇನಪ್ಪಾ! ಇಷ್ಟು ದಿನ ಆ ಕಚೇರಿ ಈ ಕಚೇರಿ ಎಂದು ಗಾಳಿ ಗುದ್ದಿದ್ದೇ ಬಂತು. ಉತ್ತರ ಕಂಬಳಿಯ ಮೇಲೆ ಮಲಗಿತ್ತು. ಅವನು ಹೊರಗೆ ಬಂದು ಹಾಲವ್ವ ಕೆಲಸ ಮಾಡುವ ಮಗ್ಗದ ಮನೆಗೆ ಫೋನು ಹಚ್ಚಿದ. ಅಲ್ಲಿಯೂ ಅಮಾವಾಸ್ಯೆಯ ರಜೆ. ಮಾಲೀಕ ಅವಳ ಮನೆಗೇ ಹೋಗಿ ಫೋನು ಕೊಟ್ಟ.

"ಅವ್ವಾರ, ನಿಮ್ಮ ಯಜಮಾನ್ರ ಹಂತ್ಯಾಕ ಮಗ್ಗ ಕಲತಾವರು ಯಾರು?"

"ಒಬ್ಬನರಿ. ಕಲ್ಮೇಶ. ಗಲಗಲಿ ಊರಾಂವ. ತಾಯಿ ತಂದಿ ಇಲ್ಲದ ಕೂಸು, ನಮ್ಮನ್ಯಾಗ ಬೆಳೀತು."

"ಆ ಹಳೇ ಸಿಮ್?"

"ಅವಗ ಕೊಡಿಸಿದ್ದರಿ. ಸಣ್ಣಂವ ಇದ್ನಲ್ರಿ, ಅದಕ್ಕ ಇವರ ಹೆಸರಿಲೆ ತಗೊಂಡಿದ್ರು. ನಮಗ ಮಗ್ಗದ ಸಪ್ಪಳದಾಗ ಫೋನು ಎಲ್ಲಿ ಕೇಳ್ತೈತಿ? ಆಧಾರ್ ಮಾಡಸುಮುಂದ ಅವನ ನಂಬರ ಕೊಟ್ಟಿದ್ವಿ." ಅವಳ ದನಿ ಏಕಾಏಕಿ ಅರಳಿತು. "ಸಿಕ್ಕನೇನ್ರಿ ಸಾಹೇಬ್ರ ನಮ್ಮ ಕಲ್ಮೇಶ? ನಾಕು ವರ್ಷಾತು ಮಾರಿ ನೋಡಿ. ಆರಾಮ ಅದಾನಿಲ್ರಿ?"

"ಸಂಜಿಗೆ ಠಾಣೇಕ ಬರ್ರಿ ಅವ್ವಾರ," ಎಂದು ದುರಗೇಶ ಫೋನು ಇಟ್ಟ.

ಅಷ್ಟರಲ್ಲಿ ಕೈಯಲ್ಲಿ ಕಾಯಿ ಹಿಡಿದು ಕಲ್ಮೇಶ ಬೈಕಿನಿಂದ ಇಳಿದ. ಖಾಕಿ ಕಂಡರೂ ಓಡಲಿಲ್ಲ.

"ಹಾಲವ್ವ ಯಾರು?"

"ನಮ್ಮವ್ವ ಇದ್ದಂಗರಿ."

"ಆಕಿ ಹೆಸರು ಯಾಕ ಹಾಕಿದಿ?"

"ಬನಹಟ್ಟಿಯಾಗ ಸಾಲಾ ಮಾಡಿ ಹೊಸ ಮಗ್ಗ ಹಾಕಿ ಮುಳುಗಿದ್ನಿರಿ. ಬ್ಯಾಂಕಿನಾಗ ನನ್ನ ಹೆಸರು ಕೆಟ್ಟಿತ್ತು. ನನ್ನ ಹೆಸರಿಲೆ ನೂಲು ಸೈತ ಕೊಡತಿರಲಿಲ್ಲ." ಅವನು ಕಾಯಿಯನ್ನು ಕೈಯಿಂದ ಕೈಗೆ ಬದಲಿಸಿದ. "ಛಲೋ ಹೆಸರು ನನಗ ಗೊತ್ತಿದ್ದದ್ದು ಅದೊಂದರಿ."

"ಆಕೀನ ಕೇಳಿದ್ಯಾ?"

"ಇಲ್ರಿ. ಯಾವ ಮಾರಿಲೆ ಕೇಳಲಿ? ಕೂಲಿಯವರ ರೊಕ್ಕ ಮುಟ್ಟಬಾರದು ಅಂತ ಬಸಗೊಂಡಪ್ಪ ಕಾಕಾ ಕಲಿಸಿದ್ದ. ತೆರಿಗಿ ಸರಿಯಾಗಿ ತುಂಬಿದ್ರ ಅವ್ವಗ ಏನೂ ತ್ರಾಸ ಆಗಂಗಿಲ್ಲ ಅನಕೊಂಡಿದ್ನಿ. ರಾಜ್ಯಾನ ಬ್ಯಾರೆ ಅಲ್ರಿ, ಅಲ್ಲಿಗೆ ಹೆಂಗ ತಿಳೀತೈತಿ?"

"ತಿಳೀತು. ಕಾರ್ಡ್ ಹೋತು. ನಿಮ್ಮ ಕಾಕಾಗ ಹೃದಯದ ಆಪರೇಷನ್ ಆಗಬೇಕು. ಕಾರ್ಡ್ ಇಲ್ಲದ ಆಗಂಗಿಲ್ಲ."

ಕಲ್ಮೇಶ ಕಾಯಿಯನ್ನು ಕಟ್ಟೆಯ ಮೇಲಿಟ್ಟ. "ನಾ ತೆರಿಗಿ ಕಟ್ಟಿದ್ದಕ್ಕರಿ?"

"ಹೌದಪಾ. ಕಟ್ಟಿದ್ದಕ್ಕ."

ಮಾಯವ್ವ ಮತ್ತು ಪಕ್ಕದ ಹೊಲದ ರೈತನ ಸಮಕ್ಷಮ ಪಂಚನಾಮೆ ಆಯಿತು. ಮೊಬೈಲು, ಸಿಮ್ಮು, ಪ್ಯಾನ್ ಕಾರ್ಡು ಜಪ್ತಾದವು. ಕಂಬಳಿ ಮತ್ತು ಲಾಳಿಗಳ ಫೋಟೊ ತೆಗೆಸಿ, ಅವನ್ನು ಇದ್ದಲ್ಲೇ ಬಿಡಲು ದುರಗೇಶ ಹೇಳಿದ. ದಸ್ತಗಿರಿ ಮಾಡಿ ಜೀಪು ಹತ್ತಿಸುವಾಗ ಯಮನಪ್ಪ, "ಉಂಡ ಮನಿ ಜಂತಿ ಎಣಿಸಿದಿ ನೋಡಲೇ," ಎಂದ.

ಹಾಲವ್ವ ಠಾಣೆಗೆ ಬಂದಾಗ ಸಂಜೆಯಾಗಿತ್ತು. ಬೆಂಚಿನ ಮೇಲಿದ್ದ ಕಲ್ಮೇಶನನ್ನು ಕಂಡು ಅವಳಿಗೆ ಮೊದಲು ಸಂತೋಷ, ಆಮೇಲೆ ಗಾಬರಿ, ಆಮೇಲೆ ಎಲ್ಲವೂ ಕಲಸಿಹೋಯಿತು. ಪ್ರತಿಮಾ ಕೂರಿಸಿ ತಿಳಿಹೇಳಿದಳು. ಕೇಳಿ ಮುಗಿದ ಕೂಡಲೇ ಹಾಲವ್ವ ದುರಗೇಶನ ಮೇಜಿಗೆ ಬಂದಳು.

"ನಾನ ಹೂಂ ಅಂದಿದ್ನಿ ಅಂತ ಬರ್ಕೋರಿ."

"ಹಂಗ ಬರದ್ರ ಇವ ಬಿಡುಗಡೆ ಆಗ್ತಾನ ಅವ್ವಾರ. ಆದ್ರ ಕಾರಖಾನಿ ನಿಮ್ದ ಅಂತ ಆಗ್ತೈತಿ. ಕಾರ್ಡ್ ಬರಂಗಿಲ್ಲ. ಆಪರೇಷನ್ನೂ ಇಲ್ಲ."

"ಇವ ನನ್ನ ಹೊಟ್ಯಾಗ ಹುಟ್ಟಿಲ್ಲ ಅನ್ನೂದೊಂದ ಬಿಟ್ರ..." ಅವಳು ಬೆಂಚಿನ ಕಡೆ ತಿರುಗಿದಳು. ಒಂದು ಕಡೆ ತಾಳಿ, ಇನ್ನೊಂದು ಕಡೆ ತಾನೇ ತುತ್ತಿಟ್ಟು ಬೆಳೆಸಿದ ಕೂಸು. ಪೊಲೀಸ್ ಕೈಪಿಡಿಯಲ್ಲಿ ಇದಕ್ಕೆ ಯಾವ ಉತ್ತರವೂ ಇಲ್ಲ.

ಬೆಂಚಿನಿಂದ ಕಲ್ಮೇಶನೇ ಮಾತಾಡಿದ. "ಅವ್ವಾ, ಸುಳ್ಳು ಹೇಳಬ್ಯಾಡ. ನಾ ನಿನಗ ಕೇಳಿಲ್ಲ. ಕೇಳಿಲ್ಲಂತ ಹೇಳು, ಕಾಕಾನ್ನ ಉಳಿಸ್ಕೋ."

ಹಾಲವ್ವ ಹೋಗಿ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ನನಗ ಕೇಳಿಲ್ರಿ. ಕೇಳಿದ್ರ ಕೊಡ್ತಿದ್ನಿ."

ದುರಗೇಶ ಕೇಳಿಲ್ಲ ಎಂಬ ಮಾತನ್ನಷ್ಟೇ ಹೇಳಿಕೆಯಲ್ಲಿ ಬರೆದ. ಆರೋಪಿಯನ್ನು ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ವರದಿ ಆಹಾರ ಇಲಾಖೆಗೆ ಹೋಯಿತು, ಕಾರ್ಡು ಮರಳಿತು, ಗೊತ್ತುಮಾಡಿದ್ದ ದಿನವೇ ಆಪರೇಷನ್ ಆಯಿತು.

ಡಿಸೆಂಬರ್ ಕೊನೆಗೆ ದುರಗೇಶ ಸಿಮ್ಮಿನ ಬಗ್ಗೆ ಮರುಹೇಳಿಕೆ ಪಡೆಯಲು ಬಸಗೊಂಡಪ್ಪನ ಮನೆಗೆ ಹೋದ. ಮುದುಕನ ಉಸಿರು ಈಗ ಮಾತಿನ ನಡುವೆ ತುಂಡಾಗುತ್ತಿರಲಿಲ್ಲ.

"ಕಳದೈತಿ ಅಂತ ಯಾಕ ಹೇಳಿದ್ರಿ?"

"ನಂಬರ ನೋಡಿದ ಕೂಡ್ಲೆ ತಿಳದಿತ್ರಿ, ಇದು ಅವಂದ ಕೆಲಸ ಅಂತ."

"ಹೇಳದಿದ್ರ ನಿಮ್ಮ ಜೀವ ಹೋಗ್ತಿತ್ತು."

"ನಂದೇನ್ರಿ, ಹಣ್ಣೆಲಿ. ಅವ ಚಿಗರು." ಬಸಗೊಂಡಪ್ಪ ಕಂಬಳಿಯ ಮೇಲಿನ ಲಾಳಿಯ ಕಡೆ ನೋಡಿದ. ಸ್ವಲ್ಪ ತಡೆದು, ಕೇಳಲೋ ಬೇಡವೋ ಎನ್ನುವಂತೆ ಕೇಳಿದ. "ಸಾಹೇಬ್ರ, ನೀವು ಹೋದಾಗ ಅಮಾಸಿ ಇತ್ತಂತ. ಲಾಳಿ ಮಲಗಿಸಿದ್ನೇನ್ರಿ ಅವ?"

ದುರಗೇಶ ಪೆನ್ನು ಮುಚ್ಚಿದ.

"ಮಲಗಿಸಿದ್ದರಿ. ಕಂಬಳಿ ಹಾಸಿ."