ನೀಲದಿನ್ನಿಯ ಕುರುಹು ಕಣ

ಬೆಳಗಿನ ಬಿಸಿಲು ಏರುವ ಹೊತ್ತಿಗೆ ನೀಲದಿನ್ನಿ ಜಲಾಶಯದ ತೇಲುಮನೆಗಳಲ್ಲಿ ಪ್ರವಾಸಿಗರ ಸ್ನಾನ ಮುಗಿಯುತ್ತಿತ್ತು. ಪ್ರತಿಯೊಂದು ತೇಲುಮನೆಯ ಅಡಿಯಲ್ಲೂ ಬಚ್ಚಲು ನೀರು, ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ಎಲ್ಲ ಬಂದು ಸೇರುವ ಒಂದು ತೊಟ್ಟಿ ಇತ್ತು. ಆ ತೊಟ್ಟಿಯ ಬಾಯಿಗೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಬಿಗಿದು ಸರ್ಕಾರ ಮೊಹರು ಹಾಕಿತ್ತು. ನೀರು ಹರಿದು ಬಂದಾಗಲೆಲ್ಲ ಪೆಟ್ಟಿಗೆಯು ಕಣ್ಣಿಗೆ ಕಾಣದ ಕಣಗಳನ್ನು ಅದರಲ್ಲಿ ಉದುರಿಸುತ್ತಿತ್ತು.

ಆ ಪೆಟ್ಟಿಗೆಯನ್ನು ರೂಪಿಸಿದವಳು ಡಾ. ಸುನಂದಾ ಪಡಸಲಗಿ. ಅಂದು ಅವಳು ಹರಿಗೋಲಿನಲ್ಲಿ ಕುಳಿತು ಮೊಳದುದ್ದದ ಕೋಲೊಂದನ್ನು ನೀರಿಗೆ ಇಳಿಬಿಟ್ಟಿದ್ದಳು. ಹುಟ್ಟು ಹಾಕುತ್ತಿದ್ದವಳು ದಂಡೆಯ ಮೀನುಗಾರರ ಸಂಘದ ಅಧ್ಯಕ್ಷೆ ಶಾಂತವ್ವ ಬಾರಕೇರ. ಕೋಲು ಜೀರುಂಡೆಯಂತೆ ಕೂಗಿತು. ಅದರ ಹಿಡಿಯ ಮೇಲೆ ಹನ್ನೊಂದು ಎಂಬ ಅಂಕಿ ಮೂಡಿತು. ಹನ್ನೊಂದನೆಯ ತೇಲುಮನೆ ತನ್ನ ತೊಟ್ಟಿಯನ್ನು ದಂಡೆಯ ಶುದ್ಧೀಕರಣ ಘಟಕದಲ್ಲಿ ಬರಿದು ಮಾಡದೆ ಇಲ್ಲೇ ಬಿಟ್ಟಿದೆ ಎಂದು ಅದರ ಅರ್ಥ.

"ನೀರಿನ್ಯಾಗ ಹೆಸರು ಬರದ್ರ ಉಳೀತೈತೇನ್ರೀ ಬಾಯಾರ?" ಎಂದು ಶಾಂತವ್ವ ಕೇಳಿದಳು.

"ಉಳಿಯೂಹಂಗ ಬರದೀನಿ ಶಾಂತಕ್ಕ," ಎಂದು ಸುನಂದಾ ನಕ್ಕಳು.

ಅದು ಬರಿಯ ಜಂಬದ ಮಾತಾಗಿರಲಿಲ್ಲ. ಜೀವಿಗಳ ದೇಹದಲ್ಲಿ ವಂಶದ ಗುರುತನ್ನು ಹೊತ್ತ ಎಳೆ ಇರುತ್ತದಷ್ಟೆ. ಅದನ್ನು ಹೋಲುವ, ಆದರೆ ಯಾವ ಜೀವಿಗೂ ಸೇರದ ತುಂಡೊಂದನ್ನು ಅವಳು ಪ್ರಯೋಗಾಲಯದಲ್ಲಿ ಹೆಣೆದಿದ್ದಳು. ಒಂದೊಂದು ದೋಣಿಗೆ ಒಂದೊಂದು ಬಗೆಯ ಹೆಣಿಗೆ. ಅದನ್ನು ಗಾಜಿನಂಥ ಚಿಪ್ಪಿನಲ್ಲಿ ಮುಚ್ಚಿದರೆ ನೀರು, ಬಿಸಿಲು, ಉಪ್ಪು ಯಾವುದೂ ಕೆಡಿಸದು. ಬರಿಯ ಚಿಪ್ಪಾದರೆ ತಳಕ್ಕೆ ಇಳಿದುಬಿಡುತ್ತದೆಂದು, ಸಾಬೂನಿಗೂ ಜಿಡ್ಡಿಗೂ ಅಂಟಿಕೊಳ್ಳುವ ಲೇಪನ ಕೊಟ್ಟಿದ್ದಳು. ಇದಕ್ಕೆ ಅವಳಿಟ್ಟ ಹೆಸರು ಕುರುಹು ಕಣ. ಕೋಲಿನ ತುದಿಯ ಬೆಳಕು ಬಿದ್ದರೆ ಕಣ ತನ್ನದೇ ಬೆಳಕನ್ನು ಮರಳಿಸುತ್ತಿತ್ತು. ಆ ಬೆಳಕಿನ ಅರ್ಥವನ್ನು ಬಿಡಿಸಲು ಒಂದು ಓದುಕೀಲಿ ಬೇಕು. ಅದು ದಂಡೆಯ ಮೇಲಿದ್ದ ಅವಳ ಕೇಂದ್ರದಲ್ಲಿತ್ತು. ಪ್ರತಿಯೊಂದು ಕೋಲೂ ಪ್ರತಿ ಸಲವೂ ಆ ಕೀಲಿಯನ್ನು ರೇಡಿಯೋ ಅಲೆಯ ಮೂಲಕ ಕೇಳಿ ಪಡೆಯುತ್ತಿತ್ತು. ಕೀಲಿ ಸಿಗದ ಕೋಲು ಮೂಕ.

ಈ ಯಂತ್ರ ಬರುವ ಮೊದಲು ನೀಲದಿನ್ನಿಯ ಜನ ಪಟ್ಟ ಪಾಡು ಸಣ್ಣದಲ್ಲ. ತೇಲುಮನೆಗಳು ಹೆಚ್ಚಿದಂತೆ ದಂಡೆಗುಂಟ ನೊರೆ ಕಟ್ಟಿತು. ಪಾಚಿ ಹಬ್ಬಿತು. ಬಲೆ ಎಳೆಯುವವರ ಕೈ ತುರಿಸಿ ಹುಣ್ಣಾಯಿತು. ಯಾರು ಬಿಟ್ಟದ್ದೆಂದು ಕೇಳಿದರೆ ಒಬ್ಬ ಮಾಲೀಕ ಇನ್ನೊಬ್ಬನ ಕಡೆ ಬೆರಳು ತೋರಿಸುತ್ತಿದ್ದ. ಕುರುಹು ಕಣ ಬಂದ ಮೇಲೆ ಬೆರಳು ತೋರಿಸುವ ಆಟ ನಿಂತಿತು. ಆದರೆ ಬಚ್ಚಲು ನೀರು ನಿಲ್ಲಲಿಲ್ಲ. ಘಟಕದ ಮುಂದೆ ಸಾಲುಗಟ್ಟಿ ನಿಲ್ಲುವುದಕ್ಕಿಂತ ದಂಡ ಕಟ್ಟುವುದೇ ಹಗುರವೆಂದು ಮಾಲೀಕರು ಕಂಡುಕೊಂಡರು. ಆಗ ಸಂಘವೂ ಸುನಂದಾಳೂ ಸೇರಿ, ಮತ್ತೆ ಮತ್ತೆ ಸಿಕ್ಕಿಬಿದ್ದ ದೋಣಿಗಳ ಪರವಾನಗಿಯನ್ನೇ ರದ್ದು ಮಾಡಬೇಕೆಂದು ಪರಿಸರ ನ್ಯಾಯಪೀಠಕ್ಕೆ ಹೋದರು. ಗೆಲ್ಲುವುದು ಖಂಡಿತವೆಂದು ವಕೀಲರು ಹೇಳಿದ್ದರು.

ಕೆಡುಕು ಬಂದದ್ದು ಯಾರೂ ಕಾಯದಿದ್ದ ಕಡೆಯಿಂದ. ಸಾರ್ವಜನಿಕರೂ ನೀರು ಪರೀಕ್ಷಿಸಲೆಂದು ಸರ್ಕಾರ ಕುರುಹುಕೋಲನ್ನು ಅಂಗಡಿಗಳಲ್ಲಿ ಮಾರಲು ಒಪ್ಪಿಗೆ ಕೊಟ್ಟಿತ್ತು. ಸುನಂದಾಳೇ ಅದಕ್ಕೆ ಒತ್ತಾಯಿಸಿದ್ದಳು. ಎಲ್ಲರ ಕೈಯಲ್ಲೂ ಕೋಲಿದ್ದರೆ ಎಲ್ಲರೂ ಜಲಾಶಯ ಕಾಯುತ್ತಾರೆ ಎಂಬುದು ಅವಳ ವಾದ. ಜಿಲ್ಲಾ ಪಟ್ಟಣದ ಖಾನಾವಳಿಯ ಅಡುಗೆಯವನೊಬ್ಬ ಏನೋ ಕುತೂಹಲಕ್ಕೆ ತನ್ನ ಕೋಲನ್ನು ನೀಲದಿನ್ನಿಯಿಂದ ಬಂದ ಜಿಲೇಬಿ ಎಂಬ ಮೀನಿನ ಹೊಟ್ಟೆಗೆ ಮುಟ್ಟಿಸಿದ. ಕೋಲು ಕೂಗಿತು.

ಕಣವು ಮೀನಿಗೆ ಅಪಾಯವೇ ಎಂದು ಅವಳು ಮೊದಲೇ ಪರೀಕ್ಷಿಸಿದ್ದಳು. ಅಪಾಯವಿರಲಿಲ್ಲ, ಈಗಲೂ ಇಲ್ಲ. ಆದರೆ ಪ್ರಯೋಗಾಲಯದ ಮೀನುಗಳು ತಿಂದದ್ದು ಕಾಳಿನಂಥ ಆಹಾರ. ಜಲಾಶಯದ ಮೀನುಗಳು ಕಲ್ಲಿನ ಮೇಲಿನ ಪಾಚಿಯನ್ನು ಮೇಯುತ್ತಿದ್ದವು. ಜಿಡ್ಡಿಗೆ ಅಂಟಲೆಂದು ಅವಳು ಕೊಟ್ಟ ಲೇಪನ ಪಾಚಿಯ ಜಿಡ್ಡಿಗೂ ಅಂಟಿತು. ಅಲ್ಲಿಂದ ಮೀನಿನ ಕೊಬ್ಬಿಗೆ ಸೇರಿತು.

ವಾರ ಕಳೆಯುವುದರೊಳಗೆ ಪೇಟೆಯಲ್ಲಿ ನೀಲದಿನ್ನಿ ಮೀನನ್ನು ಮೂಸಿ ನೋಡುವವರಿಲ್ಲವಾಯಿತು. ತೇಲುಮನೆಗಳ ಅಡುಗೆಮನೆಗೂ ಕರಾವಳಿಯಿಂದ ಮೀನು ಬರತೊಡಗಿತು. ಸುನಂದಾ ಬಾನುಲಿಯಲ್ಲಿ ಮಾತಾಡಿದಳು, ಪೇಟೆಯಲ್ಲಿ ನಿಂತು ಮಾತಾಡಿದಳು. ಕೂಗು ಮೀನಿನ ದೋಷವನ್ನು ಹೇಳುವುದಲ್ಲ, ದೋಣಿಯ ಅಪರಾಧವನ್ನು ಹೇಳುವುದು ಎಂದು ವಿವರಿಸಿದಳು. ಜನ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಕೋಲು ಕೂಗದ ಮೀನನ್ನು ಕೊಂಡು ಮನೆಗೆ ಹೋದರು.

ಇಷ್ಟಕ್ಕೇ ಮುಗಿದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಶಾಂತವ್ವ ಕೇಂದ್ರಕ್ಕೆ ಬಂದಳು. ಜೊತೆಗೆ ಮಗಳು ಕಸ್ತೂರಿ. ಹುಡುಗಿ ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಯ ತರಬೇತಿಯ ಕೊನೆಯ ವರ್ಷದಲ್ಲಿದ್ದಳು. ಹಬ್ಬವೂ ಇಲ್ಲ, ರಜೆಯೂ ಇಲ್ಲ, ಇವಳು ಊರಿಗೆ ಬಂದದ್ದೇಕೆ ಎಂದು ಸುನಂದಾ ಕೇಳುವ ಮೊದಲೇ ಶಾಂತವ್ವ ಮಗಳ ಅಂಗೈಯನ್ನು ಹಿಡಿದು ಮೇಜಿನ ಮೇಲೆ ಇಟ್ಟಳು.

"ನಿಮ್ಮ ಕೋಲು ಹಚ್ಚಿ ನೋಡ್ರಿ," ಎಂದಳು.

ಸುನಂದಾ ಹಚ್ಚಿದಳು. ಕೋಲು ಕೂಗಿತು. ಹಿಡಿಯ ಮೇಲೆ ಒಂದಲ್ಲ, ಸಾಲು ಸಾಲಾಗಿ ಅಂಕಿಗಳು ಮೂಡಿದವು. ಹುಟ್ಟಿದಾಗಿನಿಂದ ಈ ನೀರಿನ ಮೀನನ್ನೇ ಉಂಡು ಬೆಳೆದ ಹುಡುಗಿಯ ಚರ್ಮದ ಜಿಡ್ಡಿನಲ್ಲಿ ನೀಲದಿನ್ನಿಯ ಅರ್ಧಕ್ಕರ್ಧ ತೇಲುಮನೆಗಳ ಗುರುತಿತ್ತು.

ಕಸ್ತೂರಿ ತಾನೇ ನಡೆದದ್ದನ್ನು ಹೇಳಿದಳು. ಊಟವನ್ನು ಪರೀಕ್ಷಿಸಲೆಂದು ರೋಗಿಯ ಕಡೆಯವನೊಬ್ಬ ಕೋಲು ತಂದಿದ್ದನಂತೆ. ಅವಳು ಸೂಜಿ ಚುಚ್ಚಲು ರೋಗಿಯ ತೋಳು ಹಿಡಿದಾಗ ಅದು ಅವಳ ಕೈಗೆ ತಗುಲಿ ಕೂಗಿತಂತೆ. ಅವತ್ತಿನಿಂದ ವಾರ್ಡಿನಲ್ಲಿ ಎಲ್ಲರೂ ಬೇರೆ ಸಿಸ್ಟರನ್ನು ಕಳಿಸಿ ಎನ್ನತೊಡಗಿದರು. ಊಟದ ಮನೆಯಲ್ಲಿ ಅವಳ ತಟ್ಟೆಯನ್ನು ಬೇರೆ ಇಟ್ಟರು. ಕಡೆಗೆ ಮೇಲ್ವಿಚಾರಕಿ, ಮೈ ಸ್ವಚ್ಛವಾಗುವ ತನಕ ಮನೆಯಲ್ಲೇ ಇರಮ್ಮ ಎಂದು ಕಳಿಸಿದಳು. ಇದನ್ನು ಹೇಳುವಾಗ ಕಸ್ತೂರಿಯ ದನಿ ಏರಲಿಲ್ಲ, ಇಳಿಯಲಿಲ್ಲ. ಅಂಗೈಯನ್ನು ಮಾತ್ರ ಮೇಜಿನಿಂದ ತೆಗೆದು ಸೆರಗಿನಡಿ ಇಟ್ಟುಕೊಂಡಳು.

ಸುನಂದಾ ಅವರಿಬ್ಬರ ಎದುರೇ ಕೋಲನ್ನು ತನ್ನ ಅಂಗೈಗೆ ಮುಟ್ಟಿಸಿಕೊಂಡಳು. ಅವಳ ಮನೆಯಲ್ಲಿ ಮೀನು ತಿನ್ನುವ ರೂಢಿ ಇರಲಿಲ್ಲ. ಕುಡಿಯುವ ನೀರೂ ಡಬ್ಬಿಯಲ್ಲಿ ಬರುತ್ತಿತ್ತು. ಕೋಲು ಸುಮ್ಮನಿತ್ತು. ಆ ಮೌನಕ್ಕೆ ಅವಳ ಮುಖ ಕೆಂಪಾಯಿತು.

ಸ್ವಲ್ಪ ಸಾವರಿಸಿಕೊಂಡು ಅವಳು ತಿಳಿಸಿ ಹೇಳಲು ನೋಡಿದಳು. ಕಣದಿಂದ ಕಸ್ತೂರಿಗೆ ಯಾವ ರೋಗವೂ ಬರದು. ನ್ಯಾಯಪೀಠದ ತೀರ್ಪು ಇನ್ನೇನು ಬರಲಿದೆ. ಪರವಾನಗಿ ರದ್ದಾದರೆ ನೀರು ತಿಳಿಯಾಗುತ್ತದೆ, ಆಮೇಲೆ ಎಲ್ಲವೂ ಸರಿಹೋಗುತ್ತದೆ.

ಶಾಂತವ್ವ ಪೂರ್ತಿ ಕೇಳಿಸಿಕೊಂಡಳು. "ನ್ಯಾಯ ಸಿಕ್ಕಮ್ಯಾಲ ಆ ಕೋಲು ನನ್ನ ಮಗಳನ್ನ ಕಂಡು ಒದರೂದು ಬಿಡತೈತೇನ್ರೀ?"

ಸುನಂದಾ ಕೋಲನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದಳು. ಕೊಬ್ಬಿಗೆ ಸೇರಿದ ಕಣ ವರ್ಷಗಟ್ಟಲೆ ಹೋಗುವುದಿಲ್ಲ. ಕೆಡದ ಹಾಗೆ ಮಾಡಿದವಳು ಅವಳೇ.

ಮುಂದಿನ ದಿನಗಳಲ್ಲಿ ಅವಳು ಕೈಚೆಲ್ಲಿ ಕೂರಲಿಲ್ಲ. ನೀರನ್ನು ಮಾತ್ರ ಓದಿ ಮೈಯನ್ನು ಓದದಂತೆ ಕೋಲನ್ನು ತಿದ್ದಬಹುದೇ ಎಂದು ನೋಡಿದಳು. ಕಣದ ಬೆಳಕಿಗೆ ಜಲಾಶಯದ ಹನಿಯೂ ಬೆವರ ಹನಿಯೂ ಒಂದೇ. ಕೀಲಿಯನ್ನು ಸಾರ್ವಜನಿಕರಿಗೆ ತಡೆದು, ನ್ಯಾಯಪೀಠದ ಪರಿಶೀಲಕರಿಗೆ ಮಾತ್ರ ಕೊಡಿ ಎಂದು ಪರಿಸರ ಇಲಾಖೆಯನ್ನು ಕೇಳಿದಳು. ಆ ವೇಳೆಗೆ ಆಸ್ಪತ್ರೆಗಳು, ವಸತಿನಿಲಯಗಳು, ಹೋಟೆಲಿನವರು ಎಲ್ಲರೂ ಕೋಲನ್ನು ನೆಚ್ಚಿಕೊಂಡಿದ್ದರು. ಜನರ ಆರೋಗ್ಯದ ಹಕ್ಕನ್ನು ಕಿತ್ತುಕೊಳ್ಳಲಾಗದು ಎಂದು ಇಲಾಖೆ ಹೇಳಿತು. ಅಷ್ಟೇ ಅಲ್ಲ, ಕೀಲಿಯ ಪ್ರತಿಯೊಂದನ್ನು ರಾಜಧಾನಿಗೆ ಒಪ್ಪಿಸಬೇಕೆಂದು ಅಪ್ಪಣೆ ಮಾಡಿತು. ಒಪ್ಪಿಸಿದರೆ ಮುಂದೆ ಯಾವ ಕಾಲಕ್ಕೂ ಆ ಕೂಗನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇರುವುದಿಲ್ಲ.

ಉಳಿದದ್ದು ಒಂದೇ ದಾರಿ. ಕೀಲಿಯನ್ನೇ ಅಳಿಸಿಬಿಡುವುದು. ಅಳಿಸಿದರೆ ಲೋಕದ ಕೋಲುಗಳೆಲ್ಲ ಒಮ್ಮೆಗೇ ಮೂಕವಾಗುತ್ತವೆ. ವಕೀಲರಿಗೆ ಫೋನು ಮಾಡಿ ಕೇಳಿದಳು. ಹಾಗೆ ಮಾಡಿದರೆ ಮೊಕದ್ದಮೆ ಅಲ್ಲಿಗೆ ಮುಗಿಯಿತು ಎಂದು ಅವರು ಹೇಳಿದರು. ನ್ಯಾಯಪೀಠದ ಎದುರು ಮತ್ತೊಮ್ಮೆ ಓದಿ ತೋರಿಸಲಾಗದ ಗುರುತು ಸಾಕ್ಷಿಯಾಗದು. ಅವರ ದನಿಯಲ್ಲಿ ಗಾಬರಿಯಿತ್ತು.

ಸಂಘದ ಸಭೆ ಕೂಡಿತು. ಸುನಂದಾ ಎರಡೂ ಕಡೆಯನ್ನು ಮುಚ್ಚುಮರೆಯಿಲ್ಲದೆ ಅವರ ಮುಂದಿಟ್ಟಳು. ಶಾಂತವ್ವನ ಮೈದುನ ಯಮನೂರಪ್ಪ ಎದ್ದು ನಿಂತ. ಇಷ್ಟು ವರ್ಷ ಹುಣ್ಣಾದ ಕೈಯಲ್ಲಿ ಬಲೆ ಎಳೆದದ್ದು ಯಾತಕ್ಕೆ, ತೀರ್ಪಿನ ತುತ್ತು ಬಾಯಿಗೆ ಬಂದಾಗ ಉಗುಳಬೇಕೇ ಎಂದು ಅವನು ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅರ್ಧ ಸಭೆ ಅವನ ಕಡೆ ತಲೆದೂಗಿತು. ಇನ್ನರ್ಧದವರ ಮಕ್ಕಳು ಪಟ್ಟಣದಲ್ಲಿ ಓದುತ್ತಿದ್ದರು, ಇಲ್ಲವೇ ಕೂಲಿಗೆ ಹೋಗುತ್ತಿದ್ದರು. ಯಾವ ತೀರ್ಮಾನವೂ ಆಗಲಿಲ್ಲ. ಹೊರಗೆ ಬಂದ ಮೇಲೆ ಶಾಂತವ್ವ, "ನಾ ಹೇಳಿದ್ರ ನನ್ನ ಮಗಳ ಸಲುವಾಗಿ ಹೇಳಿದಂಗಾಗತೈತಿ ಬಾಯಾರ. ನಾ ಏನೂ ಹೇಳಂಗಿಲ್ಲ," ಎಂದಳು.

ಸುನಂದಾ ಅವಳನ್ನು ಒತ್ತಾಯಿಸಲಿಲ್ಲ. ಆ ಹೊರೆಯನ್ನು ಇನ್ನೊಬ್ಬರ ತಲೆಗೆ ಹೊರಿಸಿ ತಾನು ಹಗುರಾಗುವುದು ಅವಳಿಗೆ ಬೇಕಿರಲಿಲ್ಲ. ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ಮೇಜಿನ ಮುಂದೆ ಕುಳಿತಳು. ತನ್ನ ಯೌವನವೆಲ್ಲ ಕರಗಿದ ಕೆಲಸ ಅದು. ದೊಡ್ಡವರನ್ನು ಹಿಡಿಯಲು ಕಟ್ಟಿದ ಬಲೆಯಲ್ಲಿ ದೊಡ್ಡವರು ಸಿಕ್ಕಿದ್ದೂ ನಿಜ. ಆದರೆ ಅವರು ದಂಡ ಕಟ್ಟಿ ನುಣುಚಿಕೊಂಡಿದ್ದರು. ದಂಡ ಕಟ್ಟಿ ಬಿಡಿಸಿಕೊಳ್ಳಲಾಗದವರು ಮಾತ್ರ ಒಳಗೆ ಉಳಿದಿದ್ದರು. ಅವಳು ಕೀಲಿಯನ್ನು ಅಳಿಸಿದಳು. ಮತ್ತೆ ಯಾರೂ ಕಟ್ಟದಂತೆ ಅದರ ಮೂಲವನ್ನೂ ಅಳಿಸಿದಳು. ಇಲಾಖೆಗೆ ತಾನೇ ಫೋನು ಮಾಡಿ ತಿಳಿಸಿದಳು.

ನ್ಯಾಯಪೀಠ ಮೊಕದ್ದಮೆಯನ್ನು ವಜಾ ಮಾಡಿತು. ಸುನಂದಾಳನ್ನು ಕೆಲಸದಿಂದ ಅಮಾನತಿನಲ್ಲಿಟ್ಟರು. ತೇಲುಮನೆ ಮಾಲೀಕರ ಒಕ್ಕೂಟದ ಪ್ರಭಾಕರ ಶಿರೋಳ ಹಣ್ಣಿನ ಬುಟ್ಟಿ, ಶಾಲು ಹಿಡಿದು, ಅವಳು ಸಾಮಾನು ಕಟ್ಟುತ್ತಿದ್ದ ಕೇಂದ್ರಕ್ಕೇ ಬಂದ. "ನೀವು ನಮ್ಮ ಕಡೆಯವರು ಅಂತ ಗೊತ್ತಿರಲಿಲ್ಲ ಮೇಡಂ," ಎಂದು ಕೈಮುಗಿದ. ಅವಳು ಏನನ್ನೂ ಮುಟ್ಟದೆ ಅವನನ್ನು ಬಾಗಿಲ ತನಕ ಕರೆದೊಯ್ದಳು. ಆ ಬಾಗಿಲಲ್ಲೇ ಯಮನೂರಪ್ಪ ನಿಂತಿದ್ದ. ಬುಟ್ಟಿಯನ್ನೂ ಶಾಲನ್ನೂ ನೋಡಿದ, ಅವಳನ್ನು ನೋಡಿದ, ಏನೂ ಕೇಳದೆ ಹೊರಟುಹೋದ. ಅವಳು ಮಾಲೀಕರಿಗೆ ತನ್ನನ್ನು ಮಾರಿಕೊಂಡಳೆಂದು ಸಂಜೆಯೊಳಗೆ ಊರೆಲ್ಲ ಮಾತು. ಅವಳು ಕಂಡರೆ ಗಂಡಸರು ದಾರಿ ಬದಲಿಸಿದರು.

ಪೇಟೆಯಲ್ಲಿ ಮೀನು ಮತ್ತೆ ಮಾರಾಟವಾಗತೊಡಗಿತು. ಜನ ಎಷ್ಟು ಬೇಗ ನಂಬಿದ್ದರೋ ಅಷ್ಟೇ ಬೇಗ ಮರೆತರು. ಕೋಲುಗಳು ಮನೆಯ ಮೂಲೆ ಸೇರಿದವು. ಆಸ್ಪತ್ರೆಯಿಂದ ಕಸ್ತೂರಿಗೆ ಬಂದು ಸೇರಿಕೋ ಎಂದು ಕರೆ ಬಂತು. ಜಲಾಶಯಕ್ಕೆ ಬಚ್ಚಲು ನೀರು ಹಗಲು ಹೊತ್ತಿನಲ್ಲೇ ಬೀಳುತ್ತಿತ್ತು.

ಸುನಂದಾ ಊರು ಬಿಡುವ ದಿನ, ಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕಸ್ತೂರಿ ಎರಡು ಸಾಲು ಮುಂದೆ ಕಿಟಕಿಯ ಪಕ್ಕ ಕುಳಿತಿದ್ದಳು. ಇಬ್ಬರೂ ತಲೆಯಾಡಿಸಿದರು, ಮಾತಾಡಲು ದೂರವಾಗಿತ್ತು. ಬಸ್ಸು ತುಂಬುತ್ತ ಹೋಯಿತು. ಯಾವುದೋ ನಿಲ್ದಾಣದಲ್ಲಿ ಹೆಂಗಸೊಬ್ಬಳು ಚೀಲ, ಕೊಡ, ಕಂಕುಳಲ್ಲಿ ಕೂಸು ಹೊತ್ತು ಹತ್ತಿದಳು. ಹಿಡಿದು ನಿಲ್ಲಲು ಅವಳಿಗೆ ಕೈ ಇರಲಿಲ್ಲ. ಹತ್ತಿರ ಕುಳಿತವರು ಯಾರೆಂದು ನೋಡದೆ, ಕೇಳದೆ, ಕೂಸನ್ನು ಕಸ್ತೂರಿಯ ಮಡಿಲಲ್ಲಿ ಇಟ್ಟು ಮೇಲಿನ ಸರಳನ್ನು ಹಿಡಿದುಕೊಂಡಳು.

ಕಸ್ತೂರಿ ಒಂದು ಗಳಿಗೆ ಎರಡೂ ಕೈಗಳನ್ನು ಗಾಳಿಯಲ್ಲೇ ಇಟ್ಟುಕೊಂಡು ಕುಳಿತಳು. ಬಸ್ಸು ತಿರುವಿನಲ್ಲಿ ವಾಲಿತು. ಆಗ ಅವಳು ಕೂಸನ್ನು ಎದೆಗವಚಿ ಹಿಡಿದಳು.

ಸುನಂದಾ ಹಿಂದಿನ ಸೀಟಿನಿಂದ ಅದನ್ನೇ ನೋಡುತ್ತ ಕುಳಿತಳು. ಕೂಸು ಕಸ್ತೂರಿಯ ಬೆರಳನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ತಾಯಿ ಯಾವುದೋ ಯೋಚನೆಯಲ್ಲಿ ಹೊರಗಿನ ಹೊಲಗಳನ್ನು ನೋಡುತ್ತಿದ್ದಳು.