ಆಂಬೋಲಿ ಘಟ್ಟದ ಸಿಳ್ಳಿ

ಇದು ೨೦೧೩ರ ಮಳಿಗಾಲದ ಮಾತು. ನಿಪ್ಪಾಣಿಯ ತಂಬಾಕದ ವಖಾರ್ಯಾಗ ನಂದು ನೌಕರಿ, ಬಾಡಿಗಿ ಮನ್ಯಾಗ ಒಬ್ಬನ ಇರ್ತಿದ್ದೆ. ಐತವಾರ ಬಂತಂದ್ರ ಮನಿಗೆ ಕೀಲಿ ಜಡದು, ದುರ್ಬೀನು ಕೊಳ್ಳಾಗ ಹಾಕ್ಕೊಂಡು ಆಂಬೋಲಿ ಘಟ್ಟಕ್ಕ ಹೋಗಾಂವ. ಅಲ್ಲಿ ಸಿಳ್ಳಾರ ಅಂತ ಒಂದು ಹಕ್ಕಿ ಐತಿ. ಕೆಲಸಿಲ್ಲದ ಮನಷ್ಯಾ ಕುಂತು ಸಿಳ್ಳಿ ಹಾಕಿದಂಗ ಹಾಡತೈತಿ, ಆದರ ಕಣ್ಣಿಗೆ ಬೀಳೂದಿಲ್ಲ. ಮೂರು ವರ್ಷ ನಾ ಬರೇ ದನಿ ಕೇಳಿದ್ದೆ.

ಅವತ್ತು ಮುಂಜಾನೆ ಹಳ್ಳದ ಬಾಜೂಕ ಸಿಳ್ಳಿ ಕೇಳಿಸ್ತು. ಹೊರಗ ಬರಲಿ ಅಂತ ನಾನೂ ಹಂಗ ಸಿಳ್ಳಿ ಹಾಕಿದೆ. ಅದು ತಿರುಗಿ ಹಾಕ್ತು. ಹೀಂಗ ಮಾತಾಡಿದಂಗ ಭಾಳ ಹೊತ್ತು ನಡೀತು. ಖರೇ ಹೇಳತೀನಿ, ಆ ವಾರೆಲ್ಲಾ ನಾ ಯಾರ ಜೋಡಿನೂ ಅಷ್ಟು ಮಾತಾಡಿರಲಿಲ್ಲ.

ಆಮ್ಯಾಲ ಎದುರಿನ ಕಲ್ಲಬಂಡೆ ಮ್ಯಾಲ ಹಕ್ಕಿ ಕಾಣಸ್ತು. ಕರೀ ಮೈ, ಹೆಗಲಿಗೆ ಹೊಳೆಯೋ ನೀಲಿ. ಸಿಳ್ಳಾರನ, ಅನುಮಾನಿಲ್ಲ. ದುರ್ಬೀನು ಹಿಡದು ನೋಡಿದೆ. ಸಿಳ್ಳಿ ನಡದ ಇತ್ತು, ಆದರ ಹಕ್ಕಿ ಕೊಕ್ಕು ಮುಚ್ಚಿತ್ತು. ಅದು ಕತ್ತು ಹೊಳ್ಳಿಸಿ ನನ್ನ ಬೆನ್ನ ಹಿಂದ ನೋಡಾಕತ್ತಿತ್ತು. ಯಾರೋ ಉಸಿರು ಬಿಟ್ಟಂಗ, ಮಳ್ಯಾಗ ತೊಯ್ದ ನನ್ನ ಬೆನ್ನು ಬೆಚ್ಚಗಾತು. ಹೊಳ್ಳಿ ನೋಡದ ಗಾಡಿ ಹತ್ತಿ ಬಂದೆ.

ಸಂಜೀಮುಂದ ಮನಿ ಮುಟ್ಟಿದಾಗ ಬಾಜೂ ಮನಿ ಅಕ್ಕುತಾಯಿ ಕಟ್ಟಿ ಮ್ಯಾಲ ಬೀಡಿ ಕಟ್ಟಾಕತ್ತಿದ್ದಳು.

"ಸುಜಯಣ್ಣಾರ, ನಿಮ್ಮ ಮನಿಗೆ ಯಾರ ಬಂದಾರ್ರಿ? ಮಧ್ಯಾಹ್ನದಿಂದ ಒಳಗ ಸಿಳ್ಳಿ ಹಾಕಾಕತ್ತಾರ."

"ಯಾರೂ ಇಲ್ಲಕ್ಕಾ," ಅಂದೆ.

ಕೀಲಿ ನಾ ಜಡದಂಗ ಇತ್ತು. ಅದನ್ನ ತಗದೆ. ಆದರ ಒಳಗ ಹೋಗೂ ಮೊದಲ, ನನ್ನ ಮನಿ ಬಾಗಲಾ ನಾನ ಬಡದೆ.